ಸೀಸೆಯ ಮೇಲಿನ ಹನಿ

ತಂಗಿಯ ಮಗಳು ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸೇರಿದ್ದಾಳೆ. ಮೊನ್ನೆ ಮನೆಗೆ ಬಂದವಳು, ಇಷ್ಟು ವರ್ಷ ನೀನು ದವಾಖಾನೆಯಲ್ಲಿ ಏನು ಮಾಡಿದೆ ಎಂದು ಕೇಳಿದಳು. ಮಂದಿಯ ಸಂಡಾಸು ನೋಡಿದೆ ಎಂದೆ. ಅವಳು ನಕ್ಕಳು, ನಾನು ತಮಾಷೆಗೆ ಹೇಳಿರಲಿಲ್ಲ. ರಕ್ತ, ಉಚ್ಚೆ, ಕಫ ಎಲ್ಲವನ್ನೂ ನೋಡಿದ್ದೇನೆ. ಆದರೆ ನನ್ನ ಕಾಲದಲ್ಲಿ ನಮ್ಮ ಕಡೆಯ ಹೊಟ್ಟೆಗಳ ದೊಡ್ಡ ಸಮಾಚಾರವೆಂದರೆ ಹುಳುಗಳದೇ. ಅವು ಕರುಳಿನಲ್ಲಿ ಇದ್ದರೆ ಒಂದು ಗುಳಿಗೆಯಲ್ಲಿ ಮುಗಿಯುತ್ತಿತ್ತು. ಹೋಗಬಾರದ ಕಡೆ ಹೊಕ್ಕು ಕುಳಿತರೆ ನಮ್ಮೆಲ್ಲರ ಬುದ್ಧಿಗೂ ಪರೀಕ್ಷೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ತಿಳಿದಿರಲಿ ಎಂದು ಅಂಥ ಮೂರು ಹೊಟ್ಟೆಗಳ ಸಂಗತಿ ಬರೆಯುತ್ತೇನೆ. ಮೂರನೆಯದರಲ್ಲಿ ತಪ್ಪಿದವಳು ನಾನು.

ನನ್ನ ಊರು ಕಿತ್ತೂರು. ಕೆಲಸ ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಪ್ಪತ್ತು ಹಾಸಿಗೆ, ಒಂದು ಆಪರೇಶನ್ ಕೋಣೆ, ಮೆಟ್ಟಿಲ ಕೆಳಗೆ ಬಗ್ಗಿ ಹೊಗಬೇಕಾದ ನನ್ನ ಲ್ಯಾಬು. ಅಲ್ಲಿ ಒಂದು ಮೈಕ್ರೋಸ್ಕೋಪು ಇತ್ತು, ಕನ್ನಡಿಯಿಂದ ಬಿಸಿಲು ಹಿಡಿದು ನೋಡುವಂಥದು. ಮೋಡ ಕವಿದರೆ ವರದಿ ತಡ. ಕರೆಂಟು ಇದ್ದಾಗಲೂ ಇಲ್ಲದಾಗಲೂ ಒಂದೇ ಥರ ನಡೆಯುವ, ಕೈಯಿಂದ ತಿರುವುವ ಸೆಂಟ್ರಿಫ್ಯೂಜು ಇನ್ನೊಂದು. ದ್ರವವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಗರಗರ ತಿರುವಿದರೆ ತೂಕದ್ದೆಲ್ಲ ತಳಕ್ಕೆ ಇಳಿಯುತ್ತದೆ, ಆ ತಳದ್ದನ್ನು ನೋಡಬೇಕು. ಸಂಜೆ ಹೊತ್ತಿಗೆ ನನ್ನ ಬಲಗೈ ಬೀಸುವ ಕಲ್ಲು ಹಿಡಿದವರ ಕೈಯಂತಾಗುತ್ತಿತ್ತು.

ದವಾಖಾನೆಯ ಒಡೆಯರೇ ಸರ್ಜನ್. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಕೈ ಬಹಳ ಒಳ್ಳೆಯದು, ಬಾಯಿ ಸ್ವಲ್ಪ ಖಾರ. ಶುರುವಿನಲ್ಲಿ ನನ್ನ ವರದಿಗಳನ್ನು ಅವರು ಓದುತ್ತಲೇ ಇರಲಿಲ್ಲ. ನಾನು ಬರೆದದ್ದು ಕೇಸ್ ಪೇಪರಿನ ಹಿಂದೆ ಪಿನ್ನು ಚುಚ್ಚಿಕೊಂಡು ಕೂಡುತ್ತಿತ್ತು.

ಅದು ಬದಲಾದದ್ದು ಯರಗಟ್ಟಿಯ ಒಬ್ಬ ಕಾಳಿನ ವ್ಯಾಪಾರಿಯ ಹೆಂಡತಿಯಿಂದ. ಆಕೆಗೆ ಬಲಪಕ್ಕೆಯ ಕೆಳಗೆ ಬಿಟ್ಟು ಬಿಟ್ಟು ನೋವು, ಕಣ್ಣು ಹಳದಿ. ಬೆಳಗಾವಿಗೆ ಕಳಿಸಿ ಸೊನೋಗ್ರಫಿ ಮಾಡಿಸಿದರು. ಪಿತ್ತದ ನಾಳದಲ್ಲಿ ಏನೋ ಅಡ್ಡ ಬಂದಿದೆ, ಬಹುಶಃ ಹರಳು ಎಂದು ಬಂತು. ನಾನು ಆಕೆಯ ಸಂಡಾಸಿನಲ್ಲಿ ಜಂತುಹುಳುವಿನ ತತ್ತಿ ರಾಶಿ ರಾಶಿ ಇವೆ ಎಂದು ಬರೆದು, ಹೋಗಿ ಬಾಯಿಂದಲೂ ಹೇಳಿದೆ. ಅವು ಯಾರ ಹೊಟ್ಟೆಯಲ್ಲಿ ಇಲ್ಲ ಎಂದು ಸಾಹೇಬರು ಆಪರೇಶನ್ನಿಗೆ ಕೈ ತೊಳೆಯಲು ಹೋದರು. ಒಂದು ತಾಸಿನ ಮೇಲೆ ನರ್ಸಮ್ಮ ಒಂದು ಟ್ರೇ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಅದರಲ್ಲಿ ಗೇಣುದ್ದದ ಜಂತುಹುಳು, ಇನ್ನೂ ಹೊರಳಾಡುತ್ತಿತ್ತು. ಕರುಳಿನಲ್ಲಿ ಜಾಗ ಸಾಲದೆ ಮೇಲೇರಿ ಪಿತ್ತದ ನಾಳಕ್ಕೆ ನುಗ್ಗಿತ್ತಂತೆ. ಟ್ರೇ ಕೆಳಗೆ ಸಾಹೇಬರ ಚೀಟಿ: 'ಸುಮಂಗಲಾ, ನಿನ್ನ ಗಿರಾಕಿ.' ಮರುದಿನದಿಂದ ಅವರು ಮೊದಲು ನನ್ನ ವರದಿ ಓದಿ ಆಮೇಲೆ ಕೈ ತೊಳೆಯತೊಡಗಿದರು. ನನಗೆ ಆಗ ಬಂದ ಸೊಕ್ಕನ್ನು ಈಗ ನೆನೆದರೆ ನಗು ಬರುತ್ತದೆ.

ಎರಡನೆಯದು ಸವದತ್ತಿ ಕಡೆಯ ಒಬ್ಬ ಅಜ್ಜನದು. ಮೂತ್ರದ ಹರಳು ಇರಬೇಕೆಂದು ಎಕ್ಸ್‌ರೇ ತೆಗೆಸಿದರೆ ಹೊಟ್ಟೆಯ ಎಡಗಡೆ ಬಿಳಿಯ ದಾರದ ಸುರುಳಿ ಕಂಡಿತು. ಫಿಲ್ಮಿನ ಮೇಲೆ ಗೀರು ಬಿದ್ದಿದೆಯೆಂದು ಎರಡನೇ ಸಲ ತೆಗೆದರು. ಸುರುಳಿ ಅಲ್ಲೇ ಇತ್ತು. ಸಾಹೇಬರು, ಅವರ ಕೈಕೆಳಗಿನ ಡಾಕ್ಟರು, ನಾನು, ಮೂವರೂ ಅದನ್ನು ಕಿಟಕಿಗೆ ಹಿಡಿದು ತಲೆ ಕೆರೆದುಕೊಂಡೆವು. ನೆಲ ಒರೆಸುತ್ತಿದ್ದ ಆಯಾ ಗಂಗವ್ವ ಹಿಂದಿನಿಂದ ನೋಡಿ, 'ನಾರು ಐತ್ರಿ ಅದು. ಸತ್ತು ಸುಣ್ಣ ಆಗೇತಿ' ಎಂದಳು. ಸೀರೆ ಎತ್ತಿ ತನ್ನ ಕಾಲಿನ ಮೀನಖಂಡದ ಮೇಲಿನ ಹಳೆಯ ಕಲೆ ತೋರಿಸಿದಳು. ಮೆಟ್ಟಿಲ ಬಾವಿಯ ನೀರು ಕುಡಿದ ಕಾಲದಲ್ಲಿ ಅವಳಿಗೂ ನಾರುಹುಣ್ಣು ಆಗಿತ್ತು. ಅವಳದು ಕಾಲಿನಿಂದ ಹೊರಬಿದ್ದಿತ್ತು, ಅಜ್ಜನದು ದಾರಿ ತಪ್ಪಿ ಹೊಟ್ಟೆಯಲ್ಲೇ ಸತ್ತಿತ್ತು. ಅದರಿಂದ ಅಜ್ಜನಿಗೆ ಏನೂ ತ್ರಾಸವಿರಲಿಲ್ಲ, ಹರಳು ಬೇರೆ ಕಡೆ ಇತ್ತು. ಅಂದಿನಿಂದ ನಾನು ತಿಳಿಯದ್ದನ್ನು ಕಂಡರೆ ಗಂಗವ್ವನನ್ನೂ ಕರೆಯುತ್ತಿದ್ದೆ. ನೀವೂ ನಿಮ್ಮ ದವಾಖಾನೆಯ ಗಂಗವ್ವ ಯಾರೆಂದು ಮೊದಲ ವಾರದಲ್ಲೇ ಹುಡುಕಿಕೊಳ್ಳಿ.

ಇನ್ನು ಮೂರನೆಯದು. ದಶಕದ ನಡುವಿನ ಮಾತು. ಸವದತ್ತಿ ತಾಲೂಕಿನ ಹಳ್ಳಿಗಳ ಸಾಲೆ ಮಕ್ಕಳಿಗೆ ರಕ್ತ ಕಡಿಮೆ ಎಂದು ಸಾಹೇಬರು ನಾಲ್ಕು ಊರುಗಳಲ್ಲಿ ಕ್ಯಾಂಪು ಮಾಡಿದ್ದರು. ಕೊಕ್ಕೆಹುಳುವಿನ ತತ್ತಿ ಹುಡುಕುವ ಕೆಲಸ ನನ್ನದು. ಅದಕ್ಕೆ ಉಪ್ಪುನೀರಿನ ಪದ್ಧತಿ. ಕಿರಾಣಿ ಅಂಗಡಿಯ ಹರಳುಪ್ಪನ್ನು ಇನ್ನು ಕರಗದು ಎನ್ನುವವರೆಗೆ ನೀರಿಗೆ ಹಾಕಿ ಕುದಿಸಿ ಆರಿಸಬೇಕು. ಆ ಉಪ್ಪುನೀರಿನಲ್ಲಿ ಸಂಡಾಸನ್ನು ಕಲಸಿ ಸಣ್ಣ ಸೀಸೆಗೆ ಬಾಯಿಮಟ ತುಂಬಿದರೆ, ಹಗುರವಾದ ತತ್ತಿಗಳು ತೇಲಿ ಮೇಲೆ ಬರುತ್ತವೆ. ಮೇಲಿನ ಹನಿಯನ್ನು ಗಾಜಿನ ಪಟ್ಟಿಗೆ ಮುಟ್ಟಿಸಿಕೊಂಡು ನೋಡಿದರಾಯಿತು. ಹದಿನೈದು ದಿನ ಅದೇ ಕೆಲಸ. ಸೀಸೆ, ಮೇಲಿನ ಹನಿ, ಪಟ್ಟಿ, ವರದಿ. ಮತ್ತೆ ಸೀಸೆ, ಮೇಲಿನ ಹನಿ. ಕೊನೆಕೊನೆಗೆ ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು, ತಲೆ ಕಿತ್ತೂರಿನ ಬಸ್ಸಿನ ಬಗ್ಗೆ ಯೋಚಿಸುತ್ತಿತ್ತು.

ಅದೇ ದಿನಗಳಲ್ಲಿ ರಾಮದುರ್ಗದ ಕಡೆಯಿಂದ ಮಾಳವ್ವ ಎಂಬ ಹೆಂಗಸು ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸು, ಕಂಕುಳಲ್ಲಿ ವರ್ಷದ ಹೆಣ್ಣುಕೂಸು, ಜೊತೆಗೆ ಗಂಡ ಬೀರಪ್ಪ. ಕುರಿ ಕಾಯುವ ಮನೆತನ. ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋಗಿ, ರಾತ್ರಿ ಗೊಬ್ಬರಕ್ಕಾಗಿ ಕುರಿ ತರುಬುವವರು. ಅವಳ ಹೊಕ್ಕುಳ ಕೆಳಗೆ ತೆಂಗಿನಕಾಯಿಯಷ್ಟು ಗಂಟು, ಆಚೆ ಈಚೆ ಸರಿಯುತ್ತಿತ್ತು. ನೋವಿರಲಿಲ್ಲ. ಊರಿನವರು ಮತ್ತೆ ಬಸಿರಾಗಿದ್ದಾಳೆ ಎಂದುಕೊಂಡಿದ್ದರು.

ಕರುಳನ್ನು ಹಿಡಿದಿಡುವ ಪರದೆಯಲ್ಲಿ ಆಗುವ ಬರಿಯ ನೀರಿನ ಗಂಟು ಇರಬೇಕೆಂದು ಸಾಹೇಬರ ಊಹೆ. ಆದರೆ ಕುರಿಯವರು ಎಂದು ಕೇಳಿದ ಮೇಲೆ ಅವರಿಗೆ ಒಂದು ಅನುಮಾನವೂ ಬಂತು. ನಾಯಿಯ ಕರುಳಿನಲ್ಲಿ ಜೋಳದ ಕಾಳಿಗಿಂತ ಸ್ವಲ್ಪ ಉದ್ದದ ಒಂದು ಲಾಡಿಹುಳು ಇರುತ್ತದೆ. ಅದರ ತತ್ತಿ ನಾಯಿಯ ಹೇಲಿನಿಂದ ಹುಲ್ಲಿಗೆ, ನೀರಿಗೆ, ಕೈಗೆ ಅಂಟಿ ಕುರಿಯ ಹೊಟ್ಟೆಗೋ ಮನುಷ್ಯರ ಹೊಟ್ಟೆಗೋ ಹೋದರೆ ಅಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಹೈಡಾಟಿಡ್ ಎನ್ನುತ್ತೇವೆ. ಸಾಮಾನ್ಯವಾಗಿ ಅದು ಕೂಡುವುದು ಪಿತ್ತಜನಕಾಂಗದಲ್ಲಿ, ಇಲ್ಲವೇ ಪುಪ್ಪುಸದಲ್ಲಿ. ಕರುಳಿನ ಪರದೆಯಲ್ಲಿ ಕೂತದ್ದನ್ನು ನಾವು ಯಾರೂ ನೋಡಿರಲಿಲ್ಲ. ಆ ಗುಳ್ಳೆಯ ನೀರು ಹೊಟ್ಟೆಯೊಳಗೆ ಚೆಲ್ಲಿದರೆ ಅದರಲ್ಲಿರುವ ಒಂದೊಂದು ಹುಳುವಿನ ತಲೆಯೂ ಒಂದೊಂದು ಹೊಸ ಗುಳ್ಳೆಯಾಗಬಹುದು. ಅದಕ್ಕೇ ಮೊದಲೇ ಗೊತ್ತಿದ್ದರೆ ಸುತ್ತಲೂ ಔಷಧಿಯಲ್ಲಿ ಅದ್ದಿದ ಅರಿವೆ ಒತ್ತಿಟ್ಟು, ಒಡೆಯದಂತೆ ತೆಗೆಯುತ್ತಾರೆ.

ಸಾಹೇಬರು ಸೂಜಿ ಹಾಕಿ ಗಂಟಿನಿಂದ ಸ್ವಲ್ಪ ನೀರು ಎಳೆದರು. ಈಗ ಯಾರೂ ಹಾಗೆ ಕುರುಡಾಗಿ ಚುಚ್ಚುವುದಿಲ್ಲ, ಚುಚ್ಚಿದರೂ ಗುಳಿಗೆ ಕೊಟ್ಟು ಸೊನೋಗ್ರಫಿಯಲ್ಲಿ ನೋಡುತ್ತ ಚುಚ್ಚುತ್ತಾರೆ. ಆಗ ನಮ್ಮ ಕಡೆ ಅದೇ ನಡೆದಿತ್ತು. ನೀರನ್ನು ಇಂಜೆಕ್ಶನ್ನಿನ ಖಾಲಿ ಸೀಸೆಯಲ್ಲಿ ಹಾಕಿ, 'ಹುಳು ಇದೆಯೇ ನೋಡು' ಎಂದು ಚೀಟಿ ಬರೆದು ಕಳಿಸಿದರು. ನೀರು ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಕ್ಯಾಂಪಿನ ಸೀಸೆಗಳ ಸಾಲಿನ ಪಕ್ಕದಲ್ಲಿ ಅದು ಎರಡು ತಾಸು ನಿಂತಿತ್ತು. ನನ್ನ ಸರದಿ ಬಂದಾಗ ಕೈ ತನ್ನ ರೂಢಿಯಂತೆ ಮೇಲಿನ ಹನಿಯನ್ನು ತೆಗೆದುಕೊಂಡಿತು. ಇಷ್ಟು ತಿಳಿನೀರಿಗೆ ಸೆಂಟ್ರಿಫ್ಯೂಜು ಏತಕ್ಕೆ ಎಂದುಕೊಂಡೆ. ಪಟ್ಟಿಯ ಮೇಲೆ ಏನೂ ಇರಲಿಲ್ಲ. ರಕ್ತದಲ್ಲಿ ಹುಳುವಿನ ಸುಳಿವು ಕೊಡುವ ಕಣಗಳು ಹೆಚ್ಚಿದ್ದವು, ಆದರೆ ಅವು ಆ ವಾರ ನೋಡಿದ ಪ್ರತಿ ಮಗುವಿನಲ್ಲೂ ಹೆಚ್ಚೇ ಇದ್ದವು. ಹುಳುವಿನ ಕುರುಹು ಇಲ್ಲ ಎಂದು ಬರೆದು ಸಹಿ ಮಾಡಿದೆ. ಸಾಹೇಬರು ಓದಿದರು, ನಂಬಿದರು.

ಮರುದಿನ ಆಪರೇಶನ್ ನಡೆದಿದ್ದಾಗ ನರ್ಸಮ್ಮ ಓಡಿ ಬಂದು ನನ್ನನ್ನು ಕರೆದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಗಂಟು ಒಡೆದು ನೀರೆಲ್ಲ ಹೊಟ್ಟೆಯೊಳಗೆ ಹರಿದಿತ್ತು. ಟ್ರೇಯಲ್ಲಿ ಬೇಯಿಸಿದ ತತ್ತಿಯ ಬಿಳಿಯಂಥ ಪೊರೆ ಬಿದ್ದಿತ್ತು. ಸಾಹೇಬರು ದನಿ ಏರಿಸಲಿಲ್ಲ.

'ಸುಮಂಗಲಾ, ಇದೇನ ಐತಿ ಹೇಳು.'

'ಹೈಡಾಟಿಡ್ ರೀ.'

'ನೀ ಏನ ಬರದಿ?'

ಲ್ಯಾಬಿಗೆ ಬಂದು ಆ ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ತಳದಲ್ಲಿ ಸಣ್ಣ ರವೆಯ ಹುಡಿಯಂಥದು ಬಿಳಿಯಾಗಿ ಕೂತಿತ್ತು. ಹುಳುವಿನ ತಲೆಗಳು ತತ್ತಿಗಳ ಹಾಗೆ ತೇಲುವುದಿಲ್ಲ, ಮುಳುಗುತ್ತವೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ತಳದಿಂದ ಹನಿ ತೆಗೆದು ನೋಡಿದರೆ ಒಂದಲ್ಲ ಎರಡಲ್ಲ, ಹತ್ತಾರು ತಲೆಗಳು, ಒಂದೊಂದಕ್ಕೂ ಕೊಕ್ಕೆಗಳ ಬಳೆ. ನಾನು ಅವನ್ನು ನೋಡುತ್ತ ಕುಳಿತಿದ್ದೆ. ಅತ್ತ ಸಾಹೇಬರು ಹೊಟ್ಟೆಯನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು.

ಸಂಜೆ ಅವರು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಅವರು ನನ್ನ ಹಳೆಯ ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು. 'ಚುಚ್ಚಿದಾಂವ ನಾನು, ಬರದಾಕಿ ನೀನು. ಆಗಿದ್ದು ಆಗಿ ಹೋತು. ಅವರ ಮುಂದ ಇದನ್ನೆಲ್ಲ ಹೇಳಿ ಅಂಜಿಸೂದು ಬ್ಯಾಡ. ಗುಳಗಿ ಬರದ ಕೊಡತೇನಿ.' ನನಗೆ ಎಷ್ಟು ಹಗುರವಾಯಿತೆಂದರೆ ಅಂದು ಬಸ್ಸಿನಲ್ಲಿ ನಿದ್ದೆ ಹೋಗಿ ಕಿತ್ತೂರು ದಾಟಿ ಇಳಿದೆ.

ಮಾಳವ್ವನ ಗಂಡನಿಗೆ ಹೇಳಿದ್ದು ಇಷ್ಟು: ಗಂಟು ತೆಗೆದಿದ್ದೇವೆ, ನಾಲ್ಕು ತಿಂಗಳು ಗುಳಿಗೆ ನುಂಗಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಯಾಕೆ ಎಂದು ಹೇಳಲಿಲ್ಲ. ಅವಳು ಹೊಲಿಗೆ ಬಿಚ್ಚಿಸಿಕೊಂಡು ಹೋದಳು. ಆರು ತಿಂಗಳಾಯಿತು, ಬರಲಿಲ್ಲ. ಔಷಧಿ ಅಂಗಡಿಯವರನ್ನು ಕೇಳಿದರೆ ಮೊದಲ ತಿಂಗಳ ಗುಳಿಗೆ ಬಿಟ್ಟು ಬೇರೆ ಒಯ್ದಿಲ್ಲ ಎಂದರು. ಬೇರೆ ಊರಲ್ಲಿ ಕೊಂಡಿರಬಹುದು ಎಂದುಕೊಂಡೆ. ವರ್ಷವಾಯಿತು. ಸಾಹೇಬರ ಮುಂದೆ ಮಾತು ತೆಗೆದರೆ ಅವರು ಬೇರೆ ಪೇಪರು ನೋಡುತ್ತಿದ್ದರು. ನಾನೂ ಮತ್ತೆ ಮತ್ತೆ ತೆಗೆಯಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಆದರೆ ಹೊಟ್ಟೆಯ ಯಾವ ನೀರು ಬಂದರೂ ನನಗೆ ಆ ಕೂಸಿನ ತಾಯಿ ನೆನಪಾಗುತ್ತಿದ್ದಳು.

ಒಂದೂವರೆ ವರ್ಷದ ಮೇಲೆ ರಾಮದುರ್ಗದ ಕಡೆಯ ಒಬ್ಬ ಕುರಿಯವನು ಗಾಯಕ್ಕೆ ಪಟ್ಟಿ ಕಟ್ಟಿಸಲು ಬಂದಿದ್ದ. ಬೀರಪ್ಪನ ಹಿಂಡು ಯರಗಟ್ಟಿಯ ಹತ್ತಿರ ಬೆಳೆ ತೆಗೆದ ಎರೆಹೊಲದಲ್ಲಿ ಇದೆ ಎಂದ. ರವಿವಾರ ಸಾಹೇಬರಿಗೆ ಹೇಳದೆ ಹೋದೆ. ಬಸ್ಸಿಳಿದು ಹೊಲದ ದಾರಿ ಹಿಡಿದು ನಡೆದರೆ ದೂರದಿಂದಲೇ ಕುರಿದಡ್ಡಿಯ ಬಲೆ ಕಂಡಿತು. ಅಂದು ಅವರು ಒಂದು ಕುರಿ ಕೊಯ್ದಿದ್ದರು. ಮಾಳವ್ವನ ಅತ್ತೆ ಕುರಿಯ ಒಳಗಿನದನ್ನು ಬಿಡಿಸುತ್ತ, ನೀರುಗುಳ್ಳೆ ಇದ್ದ ತುಂಡುಗಳನ್ನು ಕತ್ತರಿಸಿ ನಾಯಿಗೆ ಎಸೆಯುತ್ತಿದ್ದಳು. ತಾವು ತಿನ್ನಲಾಗದ್ದು ನಾಯಿಗೆ ಎನ್ನುವುದು ಅವರ ಪದ್ಧತಿ, ಹಿಂಡು ಕಾಯುವ ಜೀವಕ್ಕೆ ಅದರ ಪಾಲು. ಆ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಮತ್ತೆ ಹುಳು, ನಾಯಿಯಿಂದ ಮತ್ತೆ ಕುರಿಗೆ, ಮನುಷ್ಯರಿಗೆ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆದಿದ್ದನ್ನೆಲ್ಲ ನಾನು ಅಲ್ಲಿ ನಿಂತು ಕಣ್ಣಾರೆ ಕಂಡೆ. ಮಾಳವ್ವನ ಕೂಸು ಅದೇ ನಾಯಿಯ ಕಿವಿ ಹಿಡಿದು ಆಡುತ್ತಿತ್ತು.

ಮಾಳವ್ವ ಗುರುತು ಹಿಡಿದು ಕಂಬಳಿ ಹಾಸಿದಳು. ಗುಳಿಗೆ ಯಾಕೆ ಬಿಟ್ಟೆ ಎಂದು ಕೇಳಿದೆ.

'ಕೊಯ್ದು ತಗದೇವಿ ಅಂದ್ರಲ್ರಿ ಸಾಹೇಬ್ರು. ತಗದ ಮ್ಯಾಲ ಗುಳಗಿ ಯಾಕಂತ ಬಿಟ್ಟೇನ್ರಿ.'

ಆಗ ಎಲ್ಲ ಹೇಳಿದೆ. ಸೀಸೆಯ ನೀರನ್ನು ನಾನು ಸರಿಯಾಗಿ ನೋಡಲಿಲ್ಲ, ನನ್ನ ವರದಿ ನಂಬಿ ಕೊಯ್ದಾಗ ಹುಳುವಿನ ನೀರು ಒಳಗೆ ಚೆಲ್ಲಿತು, ಅದು ಮತ್ತೆ ಬೆಳೆಯಬಾರದೆಂದೇ ಗುಳಿಗೆ ಕೊಟ್ಟಿದ್ದು ಎಂದೆ. ಅವಳು ತಲೆ ಬಗ್ಗಿಸಿ ಕೇಳಿದಳು.

'ಇದು ಅವತ್ತ ಗೊತ್ತಿತ್ತೇನ್ರಿ ನಿಮಗ?'

'ಗೊತ್ತಿತ್ತವಾ.'

'ಹಂಗಾದ್ರ ಇಷ್ಟ ದಿನ ಯಾಕ ಸುಮ್ಮನಿದ್ರಿ? ಅವತ್ತ ಹೇಳಿದ್ರ ನುಂಗತಿದ್ನಲ್ರಿ.'

ಕೆಲಸ ಹೋಗುತ್ತದೆ ಎಂದು ಅಂಜಿದ್ದೆ ಎಂದೆ. ಅವಳು ಎದ್ದು ಹೋಗಿ ಕೂಸನ್ನು ನಾಯಿಯ ಹತ್ತಿರದಿಂದ ಎತ್ತಿಕೊಂಡು ಬಂದಳು. ನಾನು ಬೀರಪ್ಪನಿಗೂ ಅವನ ತಾಯಿಗೂ ಗುಳ್ಳೆಗಳನ್ನು ನಾಯಿಗೆ ಹಾಕದೆ ಆಳದಲ್ಲಿ ಹೂಳಬೇಕೆಂದು ತಿಳಿಸಿ ಹೇಳಿದೆ. ಮುದುಕಿ ನನ್ನನ್ನು ನಂಬಿದ ಹಾಗೆ ಕಾಣಲಿಲ್ಲ.

ಸೋಮವಾರ ಸಾಹೇಬರಿಗೆ ಹೇಳಿದೆ. ಅವರು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಆ ವಾರವೇ ಮಾಳವ್ವ ಬಂದಳು. ಬೆಳಗಾವಿಯಲ್ಲಿ ಸೊನೋಗ್ರಫಿ ಮಾಡಿದರೆ ಐದು ಗುಳ್ಳೆ: ಒಂದು ಗುಲ್ಮದಲ್ಲಿ, ಎರಡು ಗರ್ಭಕೋಶದ ಹಿಂದೆ, ಎರಡು ಕರುಳಿನ ನಡುವೆ. ಅಲ್ಲಿಯ ದೊಡ್ಡ ದವಾಖಾನೆಗೆ ಕಳಿಸಲು ಸಾಹೇಬರು ತಮ್ಮ ಕೈಯಿಂದಲೇ ಪತ್ರ ಬರೆದರು. ಅದನ್ನು ನನಗೆ ಓದಲು ಕೊಟ್ಟರು. ಮೊದಲ ವರದಿ ತಪ್ಪಿತ್ತು, ಗುಳ್ಳೆ ತಮ್ಮ ಕೈಯಲ್ಲಿ ಒಡೆಯಿತು, ರೋಗಿಗೆ ಇದನ್ನು ತಿಳಿಸಿರಲಿಲ್ಲ ಎಂದು ಮೂರೂ ಸಂಗತಿಗಳನ್ನು ಬರೆದಿದ್ದರು. ಆ ಮನುಷ್ಯನ ಬಗ್ಗೆ ನನಗೆ ಇರುವ ಗೌರವ ಆ ಪತ್ರದಿಂದ ಬಂದದ್ದು.

ಅಲ್ಲಿ ಅವಳಿಗೆ ಎರಡನೇ ಆಪರೇಶನ್ ಆಯಿತು. ಗುಲ್ಮ ತೆಗೆದರು. ಗರ್ಭಕೋಶ ಉಳಿಯಿತು, ಆದರೆ ಮತ್ತೆ ಬಸಿರಾಗಲಿಲ್ಲ ಎಂದು ಆಮೇಲೆ ಕೇಳಿದೆ. ಈ ಸಲ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದಳಂತೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಎಲ್ಲ ಬದಲಾಯಿತು. ಬೈಲಹೊಂಗಲಕ್ಕೇ ಸೊನೋಗ್ರಫಿ ಬಂತು. ನನ್ನ ಲ್ಯಾಬು ಮೆಟ್ಟಿಲ ಕೆಳಗಿನಿಂದ ಮೇಲಿನ ಕೋಣೆಗೆ ಬಂತು, ಕರೆಂಟಿನ ಸೆಂಟ್ರಿಫ್ಯೂಜು ಬಂತು, ಹೈಡಾಟಿಡ್‌ಗೆ ರಕ್ತದ ಪರೀಕ್ಷೆ ಬಂತು. ಶಶಿಕಲಾ ಎಂಬ ಎರಡನೇ ಟೆಕ್ನಿಶಿಯನ್ ಬಂದಳು. ಅವಳು ಬಂದ ಮೊದಲ ದಿನವೇ ಈ ಕಥೆಯನ್ನು ಅವಳಿಗೆ ಹೇಳಿದ್ದೆ. ಹೊಟ್ಟೆಯ ಯಾವ ನೀರೇ ಇರಲಿ, ಎಷ್ಟೇ ತಿಳಿಯಿರಲಿ, ತಿರುವಿ ತಳದ್ದನ್ನು ನೋಡಬೇಕು ಎಂದಿದ್ದೆ. ಸಂಡಾಸಾದರೆ ತೇಲಿಸಿಯೂ ತಿರುವಿಯೂ, ಎರಡೂ ಪದ್ಧತಿಯಲ್ಲಿ ನೋಡಬೇಕು. ತಪ್ಪಾದರೆ ಅದೇ ದಿನ ರೋಗಿಗೆ ಹೇಳಿಸಬೇಕು. ನಾನು ಇದನ್ನು ಬಹಳ ಜೋರಾಗಿ ಹೇಳುತ್ತಿದ್ದೆನೆಂದು ಶಶಿಕಲಾ ಈಗಲೂ ಅಣಕಿಸುತ್ತಾಳೆ.

ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಜೊತೆಗೆ ಹದಿಮೂರು ಹದಿನಾಲ್ಕರ ಹುಡುಗಿ. ನರೆಗೂದಲು ಬಂದಿದ್ದರೂ ಗುರುತು ಸಿಕ್ಕಿತು. ಮಾಳವ್ವ. ಹುಡುಗಿಗೆ ತಿಂಗಳಿನಿಂದ ಹೊಟ್ಟೆನೋವು. ಸೊನೋಗ್ರಫಿಯಲ್ಲಿ ಗುಳ್ಳೆ ಏನೂ ಕಾಣಲಿಲ್ಲ, ರಕ್ತ ಮತ್ತು ಸಂಡಾಸು ನೋಡಿಸಿಕೊಂಡು ಬಾ ಎಂದು ಸಾಹೇಬರು ಕಳಿಸಿದ್ದರು. ಕುರಿ ಮಾರಿ ಈಗ ಹೊಲ ಮಾಡಿಕೊಂಡಿದ್ದೇವೆ ಎಂದಳು. ನನ್ನ ಮಕ್ಕಳ ಬಗ್ಗೆ ಕೇಳಿದಳು. ಅವಳನ್ನು ಕಂಡು ನನಗೆ ನಿಜವಾಗಿ ಸಂತೋಷವಾಗಿತ್ತು. ಮಾತಾಡುತ್ತಲೇ ಅವಳು ತಂದಿದ್ದ ಸಂಡಾಸಿನ ಸೀಸೆಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಸೆರಗಿನಲ್ಲಿ ಹಿಡಿದುಕೊಂಡೇ ನಿಂತಳು.

'ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ. ನಿಮ್ಮ ಮ್ಯಾಲ ನಂಗ ಸಿಟ್ಟಿಲ್ಲ, ನೀವ ಹುಡಿಕ್ಕೊಂಡು ಬಂದಿದ್ದಕ್ಕ ಉಳದೇನಿ. ಆದ್ರ ಮಗಳದು ಬ್ಯಾರೇದವರು ನೋಡ್ಲಿ.'

ಮುಖಕ್ಕೆ ಹೊಡೆದ ಹಾಗಾಯಿತು. ಆ ಲ್ಯಾಬಿನಲ್ಲಿ ನನಗಿಂತ ಚೆನ್ನಾಗಿ ನೋಡುವವರು ಯಾರೂ ಇಲ್ಲ ಎಂದು ಹೇಳಬೇಕೆನಿಸಿತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕುರ್ಚಿ ಬಿಟ್ಟು ಎದ್ದು ಶಶಿಕಲಾಳನ್ನು ಕರೆದು ಕೂಡಿಸಿದೆ. ಮಾಳವ್ವ ಸೀಸೆಯನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ನಾವಿಬ್ಬರೂ ಹೊರಗೆ ಬಂದು, ಹುಡುಗಿಯನ್ನು ನಡುವೆ ಕೂಡಿಸಿಕೊಂಡು, ವರದಿ ಬರುವವರೆಗೆ ಬೆಂಚಿನ ಮೇಲೆ ಕುಳಿತಿದ್ದೆವು.